ಕರಿ ಕುರಿ ಅಂದ್ರ ಬೈಗುಳ ಅಂತ

ಮೊದಲ ಸುದ್ದಿ ಹೇಳಿಬಿಡ್ತೀನ್ರಿ, ಹೊಟ್ಟ್ಯಾಗ ಇಟ್ಕೊಂಡು ಕೂಡಾಕ ಆಗವಲ್ದು. ಇವತ್ತು ನನ್ನ ಮಗ ಹನುಮಪ್ಪ ತನ್ನ ಮಗಳ ಕುರಿ ಹಿಡಿದು ಕುಂತಿದ್ದ. ಅವ ಕಾಲು ಹಿಡಿದ, ಆಕಿ ಕಂಬಳಿ ನೇಯೂ ಉಣ್ಣಿ ಕತ್ತರಿಸಿದಳು.

ಇದರಾಗ ಏನು ದೊಡ್ಡದೈತಿ ಅಂತೀರಿ. ಕುರಿ ಹಿಂದ ಅಡ್ಡಾಡಿದ ನಮ್ಮ ಮನಿತನದಾಗ ಕುರ್ಚಿ ಮ್ಯಾಲ ಕುಂತ ಮೊದಲನೇ ಮನಷ್ಯಾ ಹನುಮಪ್ಪ, ಮುನಿರಾಬಾದಿನಾಗ ಗುಮಾಸ್ತ. ಮಗಳು ಗಂಗವ್ವ ಡಿಗ್ರಿ ಮುಗಿಸಿದಳು. ನೌಕರಿ ಪರೀಕ್ಷಾ ಬರಿಯವಾ ಅಂದ್ರ ಬ್ಯಾಡಂದು, ಬೇವೂರಿಗೆ ನನ್ನ ಹತ್ತಿರ ಬಂದು, ತೀರಿಹೋದ ಅಜ್ಜನ ಕುರಿ ಕಾಯಾಕ ನಿಂತಳು. ಅಪ್ಪ ಸಿಟ್ಟಾಗಿ ಆಕಿ ಕೂಡ ಮಾತು ಬಿಟ್ಟ, ಈ ಮನಿಗೆ ಬರೂದೂ ಬಿಟ್ಟ.

ಗಂಗವ್ವನ ತಮ್ಮ ಕೊಪ್ಪಳದಾಗ ಕಾಲೇಜು ಓದ್ತಾನ. ಅವ ಒಮ್ಮೆ ನಕ್ಕೋತ, "ಆಯಿ, ಅಕ್ಕ ನಮ್ಮ ಮನಿ ಬ್ಲ್ಯಾಕ್ ಶೀಪ್" ಅಂದ. ಹಂಗಂದ್ರ ಏನೋ ಅಂದ್ರ, ಕರಿ ಕುರಿ ಅಂದ. ನಾ ಮೂರನೇತ್ತಕ್ಕ ಸಾಲಿ ಬಿಟ್ಟಾಕಿ. ಇಂಗ್ಲಿಷಿನವರೂ ನಮ್ಮ ಹುಡುಗಿನ್ನ ಹೊಗಳಾಕತ್ಯಾರ ಅಂತ ಎದಿ ಉಬ್ಬಿತು. ಕರಿ ಕುರಿಗಿಂತ ಛಲೋದು ಯಾವುದೈತ್ರಿ? ಅದರ ಉಣ್ಣಿಗೆ ಬಣ್ಣ ಬೇಕಾಗಿಲ್ಲ. ಅದರ ಕಂಬಳಿ ಹಾಸಿದ ಮ್ಯಾಲನ ದೇವರ ಗದ್ದಗಿ. ಓಣಿ ತುಂಬ ಹೇಳ್ಕೋತ ಅಡ್ಡಾಡಿದೆ. ಹಿಟ್ಟಿನ ಗಿರಣ್ಯಾಗ ಹೇಳಿದೆ, ಸಾಲಿ ಮಾಸ್ತರಿಗೂ ಹೇಳಿದೆ. ಅವರು ಪಾಪ, ಸುಮ್ಮನ ಕೆಮ್ಮಿದರು.

ಆಮ್ಯಾಲ ಮೊಮ್ಮಗ ಬಿಡಿಸಿ ಹೇಳಿದ. ಇಂಗ್ಲಿಷಿನವರ ದೇಶದಾಗ ಹಿಂಡೆಲ್ಲ ಬಿಳಿ ಅಂತ. ನಡುವ ಒಂದು ಕರೇದು ಹುಟ್ಟಿದ್ರ ಅದರ ಉಣ್ಣಿಗೆ ಬಣ್ಣ ಹತ್ತೂದಿಲ್ಲ, ಕೊಳ್ಳವರಿಲ್ಲ. ಅದಕ್ಕ ಮನಿಯವರು ಹೋದ ದಾರಿ ಬಿಟ್ಟು ನಡದವರಿಗೆ ಆ ಹೆಸರು ಅಂತ. ಭಾಳ ಹೊತ್ತು ವಿಚಾರ ಮಾಡಿದೆ. ನಮ್ಮ ಹಿಂಡಿನ್ಯಾಗ ಉಲ್ಟಾ ನೋಡ್ರಿ. ಎಲ್ಲಾ ಕರೇವು, ಯಾವಾಗರ ಒಂದು ಬಿಳೇದು ಹುಟ್ಟತೈತಿ. ಅದನ್ನ ನಾವು ಬೈಯೂದಿಲ್ಲ. ಅದರ ಉಣ್ಣಿ ಬ್ಯಾರೆ ತಗದಿಟ್ಟು ಕಂಬಳಿ ಅಂಚಿಗೆ ಹಾಕ್ತೀವಿ. ಆ ಬಿಳಿ ಗೆರಿ ಇಲ್ಲಂದ್ರ ಹಾಸಿದ ಕಂಬಳಿ ಯಾವುದು, ಗ್ವಾಡಿ ನೆರಳು ಯಾವುದು ತಿಳಿಯೂದಿಲ್ಲ.

ಇವತ್ತು ಉಣ್ಣಿ ಕತ್ತರಿಸೂ ದಿನ. ಓಣಿಯವರೆಲ್ಲ ಬಂದು ಕೈ ಕೂಡಸ್ತಾರ, ಆದ್ರ ನಮ್ಮಲ್ಲಿ ಮೊದಲನೇ ಕುರಿ ಮನಿಯವರ ಕೈಯಾಗನ ಆಗಬೇಕು. ನಾ ಹನುಮಪ್ಪಗ, ನಿಮ್ಮಪ್ಪನ ಕತ್ರಿ ಹೊರಗ ತಗದೀವಿ ಅಂತ ಅಷ್ಟ ಹೇಳಿಕಳಿಸಿದ್ದೆ. ಹೆಂಡ್ತಿ, ಮಗನ್ನ ಕರಕೊಂಡು ಬಂದ. ಬಂದವ ಬೇವಿನ ಗಿಡದ ಬುಡಕ ತಪಾಸಣಿಗೆ ಬಂದ ಸಾಹೇಬನ ಹಂಗ ನಿಂತ. ಕುರಿ ಝಾಡಿಸಿ ಒದಿಯಾಕತ್ತಿತ್ತು, ಗಂಗವ್ವ ಒಬ್ಬಾಕಿನ ಒದ್ದಾಡಾಕತ್ತಿದ್ದಳು. ತಲಿ ಎತ್ತದನ ಅಂದಳು:

"ಅಪ್ಪಾ, ನಿಂತು ಏನ್ ನೋಡ್ತಿ? ಕಾಲು ಹಿಡಿ."

ಹನುಮಪ್ಪ ಇಸ್ತ್ರಿ ಪ್ಯಾಂಟಿನ್ಯಾಗನ ಬಂದು ಕುರಿ ಹಿಕ್ಕಿ ಮ್ಯಾಲ ಕುಂತುಬಿಟ್ಟ. ಗುಮಾಸ್ತನ ಕೈ ಆದ್ರೂ ಕುರಿ ಹಿಡಿಯೂದು ಮರತಿರಲಿಲ್ಲ.

ಸಂಜಿಗೆ ಎಲ್ಲಾರೂ ಕೂಡಿ ಉಣ್ಣಾಕ ಕುಂತಿವಿ. ಸಜ್ಜಿ ರೊಟ್ಟಿ, ಪುಂಡಿ ಪಲ್ಲೆ, ಗೋದಿ ಹುಗ್ಗಿ. ಹನುಮಪ್ಪ ರೊಟ್ಟಿ ಮುರಕೋತ ಮಗಳಿಗೆ, "ಮುಂದಿನ ಸಲ ಕತ್ತರಿಸೂದು ಯಾವಾಗವಾ? ಮೊದಲ ಹೇಳು, ನಾ ರಜಾ ಹಾಕಬೇಕಾಗತೈತಿ" ಅಂದ.

ಗಂಗವ್ವ ತನ್ನ ತಾಟಿನ್ಯಾಗಿನ ಹುಗ್ಗಿ ಅರ್ಧ ತಗದು ಅಪ್ಪನ ತಾಟಿಗೆ ಹಾಕಿದಳು.