ದಾರ ಕತ್ತರಿಸುತ್ತಾ ಕೇಳಿದ್ದು

ರಾಯದುರ್ಗದ ಕಡೆಗೆ ನರ್ಸಾಗಿ ವರ್ಗವಾಗಿ ಬಂದ ಮೇಲೆ ನಾನು ಮೊದಲು ಮಾತಾಡಿಸಿದ್ದು ಒಂದು ಸೆರಗನ್ನು. ಗುಮ್ಮಘಟ್ಟದ ಹತ್ತಿರದ ಲಂಬಾಣಿ ತಾಂಡಾದಲ್ಲಿ ಎಂಟು ತಿಂಗಳ ಬಸುರಿ ಲಲಿತಾಬಾಯಿ ಮುಖ ಕಾಣದಂತೆ ಸೆರಗೆಳೆದು ಕೂತಿದ್ದಳು. ಬಿ.ಪಿ. ಒಂದು ಚೂರು ಜಾಸ್ತಿ ಇತ್ತು. ತಲೆನೋವಿದೆಯಾ? ಕಣ್ಣು ಮಂಜಾಗುತ್ತಾ? ತೆಲುಗಿನಲ್ಲಿ ಕೇಳಿದೆ, ಕನ್ನಡದಲ್ಲಿ ಕೇಳಿದೆ. ಸೆರಗು ಅಡ್ಡಡ್ಡ ಆಡಿತು. ತೊಂದರೆಯಿಲ್ಲ ಎಂದು ಬರೆದುಕೊಂಡು ಎದ್ದು ಬಂದೆ.

ನಮ್ಮ ಮಡಕಶಿರಾ ಕಡೆ, ಅಗಳಿಯಲ್ಲಿ, ಬಸುರಿಯರ ಬಾಯಿ ಮುಚ್ಚಿಸುವುದೇ ಕಷ್ಟ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ವಾಂತಿಯ ಪುರಾಣ ಹೇಳುತ್ತಾರೆ. ಇಲ್ಲಿ ಬಾಡಿಗೆ ರೂಮಿನಲ್ಲಿ ಒಬ್ಬಳಿಗೇ ಮುದ್ದೆ ಕಟ್ಟಿಕೊಳ್ಳುತ್ತಾ, ಈ ಜನಕ್ಕೆ ನಾನು ಬೇಡವಾಗಿದ್ದೇನೆ ಎಂದು ಅತ್ತದ್ದೂ ಉಂಟು.

ಮುಂದಿನ ವಾರ ಹೋದಾಗ ಲಲಿತಾಳ ಅತ್ತೆ ಸೋನಿಬಾಯಿ ಬಾಗಿಲಲ್ಲೇ ತಡೆದಳು.

“ಆಕಿ ಮಾವ ಯಾವಾಗ್ಲೂ ಕಟ್ಟಿ ಮ್ಯಾಲ ಕುಂತಿರ್ತಾನ. ಅವನ ಮುಂದ ಆಕಿ ಹೆಂಗ ಬಾಯಿ ಬಿಡ್ತಾಳ್ರಿ ಸಿಸ್ಟರ್? ನೀವು ನೋಡಿದ್ರ ಪೆನ್ನು ಹಿಡ್ಕಂಡು ಪೊಲೀಸ್ರಂಗ ಕೇಳ್ತೀರಿ. ಗಿಡದ ಕೆಳಗ ಬರ್ರಿ.”

ಬೇವಿನ ಮರದ ಕೆಳಗೆ ಹೆಂಗಸರು ರಾಯದುರ್ಗದಿಂದ ಬಂದ ಜೀನ್ಸ್ ಪ್ಯಾಂಟುಗಳ ಉಳಿಕೆ ದಾರ ಕತ್ತರಿಸುತ್ತಿದ್ದರು. ಹಗಲಿಡೀ ಆಡದ ಮಾತೆಲ್ಲ ಅಲ್ಲಿ ಹೊರಬೀಳುತ್ತಿತ್ತು. ನನ್ನ ಕೈಗೂ ಒಂದು ಪ್ಯಾಂಟು, ಒಂದು ಕತ್ತರಿ ಬಂತು. ನಾನೋ ದಾರದ ಜೊತೆ ಜೇಬಿನ ಅಂಚನ್ನೂ ಕತ್ತರಿಸಿಬಿಟ್ಟೆ! ಎಲ್ಲರೂ ಬಿದ್ದು ಬಿದ್ದು ನಕ್ಕರು. ಲಲಿತಾಳೂ ನಕ್ಕಳು, ಸೆರಗು ಹೆಗಲಿಗೆ ಜಾರಿತು. ಸ್ವಲ್ಪ ಹೊತ್ತಾದ ಮೇಲೆ, ಕೈಯಲ್ಲಿದ್ದ ಪ್ಯಾಂಟಿನಿಂದ ಕಣ್ಣೆತ್ತದೆ ಹೇಳಿದಳು:

“ಮೂರು ದಿನ ಆತ್ರಿ, ತಲಿ ಸಿಡೀತೈತಿ. ಕಣ್ಣ ಮುಂದ ಮಿಂಚು ಹೊಡದಂಗ ಆಗ್ತೈತಿ.”

ಕತ್ತರಿ ಕೆಳಗಿಟ್ಟು ಅಲ್ಲೇ ಅವಳ ತೋಳಿಗೆ ಪಟ್ಟಿ ಸುತ್ತಿದೆ. ಬಿ.ಪಿ. ಏರಿಬಿಟ್ಟಿತ್ತು, ತಾಯಿಗೂ ಮಗುವಿಗೂ ಅಪಾಯ. ಸಿಕ್ಕ ಆಟೋದಲ್ಲೇ ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ಸೋನಿಬಾಯಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಲಲಿತಾ ಉಳಿದಳು. ಹೆಣ್ಣುಮಗು ದಿನ ತುಂಬುವ ಮೊದಲೇ ಹುಟ್ಟಿತು. ಅಂಗೈಯಷ್ಟಿದ್ದರೂ ಗಂಟಲು ಮಾತ್ರ ಜೋರು. ಈಗ ತಾಂಡಾಕ್ಕೆ ಹೋದರೆ ಸೆರಗಿಲ್ಲದ ಮುಖಗಳು ನನ್ನನ್ನು ಕರೆಯುತ್ತವೆ. ಲಂಬಾಣಿ ಮಾತಿನಲ್ಲಿ ತಾಯಿಗೆ ‘ಯಾಡಿ’ ಅನ್ನುತ್ತಾರೆ ಎಂಬುದನ್ನೂ ಕಲಿತಿದ್ದೇನೆ. ಕತ್ತರಿ ಹಿಡಿಯುವುದನ್ನೂ ಕಲಿತೆ ಎಂದು ಹೇಳಿದರೆ ಅವರು ಒಪ್ಪಲಾರರು.

ಮೊನ್ನೆ ಅಗಳಿಗೆ ಹೋಗಿದ್ದೆ. ತಮ್ಮನ ಹೆಂಡತಿಗೆ ಐದು ತಿಂಗಳು. ಅಪ್ಪನ ಎದುರಿಗೇ “ಹೆಂಗಿದೀಯೆ?” ಅಂದೆ. “ಚೆನ್ನಾಗಿದೀನಿ ಅಕ್ಕ” ಎಂದು ನೆಲ ನೋಡಿದಳು. ಹುಟ್ಟಿದ ಮನೆಯಲ್ಲಿ ಇಷ್ಟು ವರ್ಷ ಈ ನೋಟ ನನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅವರೆಕಾಯಿಯ ಮೊರ ಹಿಡಿದು ಅವಳನ್ನು ಹಿತ್ತಲಿಗೆ ಕರೆದೆ. ಮುಖ ನೋಡದೆ ಸುಲಿಯುತ್ತಾ ಕೂತೆ. ಅರ್ಧ ಮೊರ ಮುಗಿದಿತ್ತು.

“ಅಕ್ಕ, ನಂಗ್ಯಾಕೋ ಭಯ ಆಗ್ತೈತೆ ಕಣಕ್ಕ.”

“ಹೌದ್ರಿ? ಹೇಳ್ರಿ,” ಅಂದುಬಿಟ್ಟೆ, ನಮ್ಮದೇ ಹಿತ್ತಲಲ್ಲಿ ಕೂತು, ರಾಯದುರ್ಗದವಳ ಹಾಗೆ.