ಲಂಕೆಯ ಓತಿಕ್ಯಾತ

ಹೋದ ವರ್ಷ ನಮ್ಮ ಅತ್ತಿಗೆಯ ಹೆಗಲ ಮೇಲೆ ಓತಿಕ್ಯಾತ ಬಿದ್ದ ದಿನ ನಾನು ಸಖರಾಯಪಟ್ಟಣದ ಮನೆಯಲ್ಲೇ ಇದ್ದೆ. ಅವರು ತುಂಬಿದ ಬಸುರಿ. ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದವರು ಚೀರಿಕೊಂಡರು. ನಾನು ಓಡಿಹೋಗುವಷ್ಟರಲ್ಲಿ ಅದು ಬೇಲಿಯೊಳಗೆ ನುಸುಳಿಯಾಗಿತ್ತು.

"ಮೂಗಿನ್ ಮೇಲೆ ಕೊಂಬಿತ್ತು ಕಣೇ," ಎಂದರು.

ಅಜ್ಜಿ ಅವರಿಗೆ ತಲೆಗೆ ನೀರು ಹಾಕಿಸಿ, ದೀಪ ಹಚ್ಚಿಸಿ, ಪಂಚಾಂಗ ತೆಗೆಸಿದರು. ಹಲ್ಲಿ ಯಾವ ಅಂಗದ ಮೇಲೆ ಬಿದ್ದರೆ ಏನು ಫಲ ಎಂಬುದೆಲ್ಲ ಅದರಲ್ಲಿತ್ತು. ಕೊಂಬಿರುವುದು ಬಿದ್ದರೆ ಏನೆಂದು ಇರಲಿಲ್ಲ. ಬರೆಯುವುದಕ್ಕೂ ಹೆದರಿ ಬಿಟ್ಟಿದ್ದಾರೆ ಎಂಬುದು ಅಜ್ಜಿಯ ತರ್ಕ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ತರ್ಕವನ್ನು ಗಂಟೆ ಬಾರಿಸುವ ಮೊದಲೇ ಕೆಡವಿದವಳು ನಾನು. "ಅದ್ರ ಮೂಗಿಗೆ ಜಾಲಿಮುಳ್ಳು ಚುಚ್ಕೊಂಡಿರುತ್ತೆ ಅಜ್ಜಿ. ಅಂಥ ಕೊಂಬಿರೋ ಓತಿಕ್ಯಾತ ನಮ್ಮ ದೇಶದಲ್ಲೇ ಇಲ್ಲ, ಶ್ರೀಲಂಕಾದ ಬೆಟ್ಟದ ಕಾಡಲ್ಲಿರೋದು. ಅಲ್ಲೂ ಅಪರೂಪ. ನೋಡಿ," ಎಂದು ಫೋನಿನಲ್ಲಿ ಚಿತ್ರ ತೋರಿಸಿದೆ. ಹಸಿರು ಮೈ, ಮೂಗಿನ ತುದಿಯಲ್ಲಿ ಬಿಳಿ ಕೊಂಬು.

ಅತ್ತಿಗೆಯ ಮುಖ ಬಿಳಿಚಿಕೊಂಡಿತು. "ಇದೇ ಕಣೇ! ಇದೇ ಬಿದ್ದಿದ್ದು."

"ಲಂಕೇದಾ?" ಅಜ್ಜಿ ಎದೆ ಹಿಡಿದುಕೊಂಡರು. "ರಾವಣನ್ ಊರಿಂದ ಬಂದು ಬಸುರಿ ಮೇಲೆ ಬಿತ್ತಾ, ಶಿವನೇ!"

"ನಡುವೆ ಸಮುದ್ರ ಇದೆ ಅಜ್ಜಿ."

"ಹನುಮಪ್ಪ ಹಾರ್ಲಿಲ್ವೇನೇ? ಬಲು ಓದಿದೋಳು!"

ಅದಕ್ಕೂ ನನ್ನ ಬಳಿ ಉತ್ತರವಿತ್ತು. ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಮೆಲ್ಲಗೆ, "ಅದು ಬಿದ್ದಾಗಿಂದ ಮಗು ಒದೀತಿಲ್ಲ ಕಣೇ," ಎಂದರು.

ಅಣ್ಣ ಕಾರು ತೆಗೆದುಕೊಂಡು ತರೀಕೆರೆಗೆ ಹೋಗಿದ್ದ. ಅವನನ್ನು ಕಾಯದೆ ನಾನೂ ಅತ್ತಿಗೆಯೂ ಕಡೂರಿನ ಬಸ್ಸು ಹತ್ತಿದೆವು. ಹೆದರಿಕೆಯಲ್ಲಿ ಇವರಿಗೆ ಒದೆತ ಗೊತ್ತಾಗುತ್ತಿಲ್ಲ, ಅಷ್ಟೇ ಎಂದು ನನಗೆ ನಾನೇ ವಾದಿಸಿದೆ. ಅಷ್ಟೇ ಎನ್ನಲು ಆಧಾರವೇನು ಎಂದು ನಾನೇ ಕೇಳಿಕೊಂಡೆ. ಅತ್ತಿಗೆ ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡರು. ಏನೋ ಅಲುಗಿತು. ಮಗುವೋ, ರಸ್ತೆಯ ಗುಂಡಿಯೋ?

"ಒದೀತಾ?"

ಹೌದು ಎಂದುಬಿಡಬಹುದಿತ್ತು. "ಬಸ್ ನಿಂತಾಗ ನೋಡೋಣ ಅತ್ತಿಗೆ," ಎಂದೆ.

ಬಸ್ಸು ನಿಂತಿತು. ಏನೂ ಅಲುಗಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಿಟಕಿಯಾಚೆ ನೋಡಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆಗೆ ಜೆಲ್ ಸವರಿ, ಎದೆಬಡಿತ ಕೇಳಿಸುವ ಯಂತ್ರ ಒತ್ತಿದರು. ಬರೀ ಗರಗರ. ಸ್ವಲ್ಪ ಕೆಳಗೆ ಒತ್ತಿದರು. ಮತ್ತೆ ಗರಗರ. ಆಮೇಲೆ, ಎಲ್ಲೋ ಪಕ್ಕದಲ್ಲಿ, ದಡದಡ ಓಡುವ ಎದೆಬಡಿತ.

"ನಿದ್ದೆ ಮಾಡ್ತಿತ್ತು ಕಣಮ್ಮ. ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?"

ಆ ಗಲಾಟೆಯಲ್ಲಿ ಯಾರೂ ತಿಂಡಿ ಕೊಟ್ಟಿರಲಿಲ್ಲ. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕೊನೆಗೂ ಕೇಳಿಯೇಬಿಟ್ಟರು: "ಡಾಕ್ಟ್ರೇ, ಮಗೂಗೆ ಮೂಗು... ಮೂಗು ಸರಿಯಾಗಿದ್ಯಾ?"

ಇದೇನು ಪ್ರಶ್ನೆ ಎಂಬಂತೆ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಾನೂ ಉತ್ತರಕ್ಕೇ ಕಾಯುತ್ತಿದ್ದೆ.