ಘಾಟು ಹತ್ತದ ಮಧ್ಯಾಹ್ನ

ಕೆಳಗಿನ ಮನೆಯಿಂದ ಒಣಮೆಣಸು ಸುಟ್ಟ ಘಾಟು ಮೆಟ್ಟಿಲು ಹತ್ತಿ ಬಂದಾಗ ನನಗೆ ಮೊದಲು ಬಂದದ್ದು ಕೆಮ್ಮು, ಅದರ ಹಿಂದೆಯೇ ಹೆದರಿಕೆ. ಸೆಮಿಸ್ಟರ್ ರಜೆಗೆಂದು ಮಂಗಳೂರಿನ ಕಾಲೇಜಿನಿಂದ ಗಲ್ಫಿಗೆ, ಅಲ್ ಅಮೇರಾತ್‌ನ ನಮ್ಮ ಈಗಿನ ಮನೆಗೆ ಬಂದಿದ್ದೆ. ಬೇಸಿಗೆ ರಜೆ ಮುಗಿದು ಇಲ್ಲಿನ ಇಂಡಿಯನ್ ಶಾಲೆಗಳು ತೆರೆದ ದಿನ ಅದು. ಹೊಸ ಯೂನಿಫಾರ್ಮಿನಲ್ಲಿ ಹೋಗಿ ಬಂದ ಮಗುವಿಗೆ ಕೆಳಗಿನವರು ದೃಷ್ಟಿ ತೆಗೆಯುತ್ತಿದ್ದರು, ಅಷ್ಟೇ. ಆದರೆ ಅಮ್ಮ ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಬಿಟ್ಟು, ಕಿಟಕಿ ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ನನ್ನ ಕಡೆ ನೋಡದೆ ಒಳಗೆ ನಡೆದಳು.

ಕೊರೊನಾದ ನಂತರ ಶಾಲೆ ಮತ್ತೆ ತೆರೆದ ಕಾಲದ ಬಗ್ಗೆ ಊರೆಲ್ಲ ಒಂದೇ ಕಥೆ ಹೇಳುತ್ತದೆ. ಮಕ್ಕಳು ಕುಣಿದರಂತೆ, ತಾಯಂದಿರು ಕಣ್ಣೊರೆಸಿಕೊಂಡು ಕೈ ಬೀಸಿದರಂತೆ, ಜಗತ್ತು ಮತ್ತೆ ಸರಿಯಾಯಿತಂತೆ. ನಮ್ಮ ಕುಟುಂಬದ ಕಥೆ ಬೇರೆ. ಅದನ್ನು ಕಾಪುವಿನಲ್ಲಿರುವ ಸುಜಾತತ್ತೆ, ಅಪ್ಪನ ಅಕ್ಕ, ಹೇಳುತ್ತಾರೆ: ಶಾಲೆ ತೆರೆಯಿತು, ಸೊಸೆ ಅವಸರದಲ್ಲಿ ಮಗುವನ್ನು ಕಳಿಸಿದಳು, ಮಗು ರೋಗ ತಂದಿತು, ನಮ್ಮಮ್ಮ ಹೋದರು. ಸೊಸೆ ಎಂದರೆ ನನ್ನ ಅಮ್ಮ, ನಮ್ಮಮ್ಮ ಎಂದರೆ ನನ್ನ ಅಜ್ಜಿ. ಎರಡೂ ಕಥೆಗಳನ್ನು ನಾನು ಒಪ್ಪುವುದಿಲ್ಲ. ಮೊದಲನೆಯದರಲ್ಲಿ ಹೆದರಿಕೆ ಇಲ್ಲ, ಎರಡನೆಯದರಲ್ಲಿ ಪುರಾವೆ ಇಲ್ಲ. ಒಂದರ ಹಿಂದೆ ಇನ್ನೊಂದು ನಡೆಯಿತು ಎಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ನಡೆಯಿತು ಎನ್ನಲಾಗದು ಎಂಬುದು ಕಾಲೇಜಿನ ಚರ್ಚಾಕೂಟದಲ್ಲಿ ನಮಗೆ ಕಲಿಸಿದ ಮೊದಲ ಪಾಠ. ಸುಜಾತತ್ತೆಯ ಕಥೆಯಲ್ಲಿ ಒಂದರ ಹಿಂದೆ ಇನ್ನೊಂದು ಎಂಬ ಕ್ರಮವೇ ತಪ್ಪು. ಅದನ್ನು ತೋರಿಸಬೇಕಾದರೆ ನಾನು ನಮ್ಮ ಕುಟುಂಬ ಆಗ ಇದ್ದ ದಾರ್ಸೈಟ್‌ನ ಆ ಮನೆಯೊಳಗೆ ಮತ್ತೆ ಹೋಗಬೇಕು. ಅಂಥದೊಂದು ಮನೆ ನಿಮಗೂ ಇದ್ದಿರಬಹುದು. ಕಟ್ಟಡ ಇನ್ನೂ ಅಲ್ಲೇ ನಿಂತಿರುತ್ತದೆ, ಮನೆ ಮಾತ್ರ ಇರುವುದಿಲ್ಲ.

ಎರಡು ಕೋಣೆ, ಒಂದು ಹಾಲ್, ಕಿಟಕಿಯಾಚೆ ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡ. ಮಧ್ಯಾಹ್ನ ಆ ಗುಡ್ಡದ ಬಿಸಿ ಗಾಜಿಗೆ ಬಂದು ತಾಗುತ್ತಿತ್ತು, ಎಸಿಯ ನೀರು ಬಾಲ್ಕನಿಯ ಬಕೆಟಿಗೆ ತೊಟ್ಟಿಕ್ಕುತ್ತಿತ್ತು, ಇಡೀ ಮನೆಗೆ ತೆಂಗಿನೆಣ್ಣೆ ಮತ್ತು ಸ್ಯಾನಿಟೈಸರ್ ಬೆರೆತ ಒಂದು ವಿಚಿತ್ರ ವಾಸನೆ. ತೆಂಗಿನೆಣ್ಣೆ ಅಜ್ಜಿಯದು. ಮೊಮ್ಮಕ್ಕಳನ್ನು ನೋಡಿ ಹೋಗಲು ವಿಸಿಟ್ ವೀಸಾದಲ್ಲಿ ಬಂದವಳು ವಿಮಾನಗಳು ನಿಂತಾಗ ಇಲ್ಲೇ ಉಳಿದಿದ್ದಳು. ಮತ್ತೆ ವಿಮಾನ ಹಾರತೊಡಗಿದಾಗ, ಅವಳ ಉಬ್ಬಸಕ್ಕೆ ಹೆದರಿ ಅಪ್ಪ ಕಳಿಸಲಿಲ್ಲ. ಹಾಲ್‌ನಲ್ಲಿ ನನ್ನ ತಮ್ಮ ಧನುವಿನ ಒಂದನೇ ತರಗತಿ, ನಮ್ಮ ಕೋಣೆಯಲ್ಲಿ ನನ್ನ ತರಗತಿ, ಅಡುಗೆಮನೆಯ ಕಟ್ಟೆಯ ಮೇಲೆ ಅಮ್ಮನ ಆಫೀಸು. ಅಮ್ಮ ಒಂದು ಟೈರ್ ಕಂಪನಿಯ ಲೆಕ್ಕ ನೋಡುತ್ತಿದ್ದಳು. ಕುಕ್ಕರ್ ಕೂಗಿದಾಗಲೆಲ್ಲ "ಸಾರಿ ಸರ್, ಒನ್ ಮಿನಿಟ್" ಎನ್ನುತ್ತ ಮ್ಯೂಟ್ ಒತ್ತುತ್ತಿದ್ದ ಅವಳ ಬೆರಳು ನನಗೆ ಈಗಲೂ ಕಾಣುತ್ತದೆ. ಎಲ್ಲರೂ ಎಲ್ಲರ ಕೆಮ್ಮಿಗೆ ಕಿವಿಗೊಟ್ಟೇ ಬದುಕುತ್ತಿದ್ದೆವು. ಒಬ್ಬರು ಸೀನಿದರೆ ಮೂರು ದನಿಗಳು ಒಮ್ಮೆಗೇ ನಿಲ್ಲುತ್ತಿದ್ದವು.

ಮೊದಲು ದೊಡ್ಡ ತರಗತಿಗಳು ತೆರೆದವು, ಆಮೇಲೆ ನನ್ನ ಎಂಟನೇ ತರಗತಿ, ಒಂದು ದಿನ ಅರ್ಧ ಮಕ್ಕಳು, ಮರುದಿನ ಉಳಿದವರು. ನಾನಿನ್ನೂ ಹೋಗಿರಲಿಲ್ಲ, ನನ್ನ ಗುಂಪಿನ ಸರದಿ ಬರುವುದರೊಳಗೆ ಚಿಕ್ಕವರಿಗೂ ಕರೆ ಬಂತು. ಧನು ಆಗ ಎರಡನೇ ತರಗತಿಗೆ ಬಂದಿದ್ದ, ಆದರೆ ಶಾಲೆಯ ಬೆಂಚಿನ ಮೇಲೆ ಕೂತ ನೆನಪೇ ಅವನಿಗಿರಲಿಲ್ಲ. ಕಳಿಸುವುದು, ಬಿಡುವುದು ತಂದೆತಾಯಿಯ ಇಷ್ಟ ಎಂದಿದ್ದರು ಶಾಲೆಯವರು. ನಮ್ಮ ಮನೆಯಲ್ಲಿ ಜಗಳ ಶುರುವಾದದ್ದು ಅಲ್ಲಿಂದ.

"ಇನ್ನೊಂದು ವರ್ಷ ಮನೆಯಲ್ಲೇ ಕೂತ್ರೆ ಎಂತ ಆಗ್ತದೆ? ಕಲೆಕ್ಟರ್ ಆಗ್ಲಿಕ್ಕೆ ತಡ ಆಗ್ತದಾ ಇವನಿಗೆ?" ಎಂದರು ಅಪ್ಪ.

"ನಿಮಗೆಂತ, ಬೆಳಿಗ್ಗೆ ಕಾರು ಹತ್ತಿದ್ರೆ ಆಯ್ತು. ಟೀಚರನ್ನು ಮ್ಯೂಟ್ ಮಾಡಿ ನಿದ್ದೆ ಹೊಡಿತಾನೆ ಇವ. ಆಫೀಸಿಗೆ ಬರ್ತೀರಾ ಬಿಡ್ತೀರಾ ಅಂತ ಮ್ಯಾನೇಜರ್ ಕೇಳಿಯಾಯ್ತು ನನ್ನತ್ರ."

"ಅಮ್ಮನಿಗೆ ಏನಾದ್ರೂ ಆದ್ರೆ?" ಅಪ್ಪ ಅಜ್ಜಿಯ ಕಡೆ ಕಣ್ಣು ತೋರಿಸಿದರು.

ಟಿವಿಯ ಮುಂದೆ ಕೂತಿದ್ದ ಅಜ್ಜಿಯೇ ತೀರ್ಪು ಕೊಟ್ಟಳು: "ಕಳಿಸು ಮಾರಾಯ. ಇವ ಮನೆಯಲ್ಲಿದ್ದು ನನಗೊಂದು ಸೀರಿಯಲ್ ನೆಟ್ಟಗೆ ನೋಡ್ಲಿಕ್ಕೆ ಬಿಡುದಿಲ್ಲ." ಎಲ್ಲರೂ ನಕ್ಕೆವು. ಅಪ್ಪ ನಗುತ್ತಲೇ ಕಾರಿನ ಕೀಲಿ ತೆಗೆದುಕೊಂಡು ಹೊರಟುಹೋದರು, ಸುಮ್ಮನೆ ಪಕ್ಕದ ರುವಿ ಪೇಟೆಯ ಕಡೆ ಒಂದು ಸುತ್ತು ಹಾಕಿ ಬರಲು. ಹೆದರಿಕೆಯಾದಾಗ ಅಪ್ಪ ಮಾಡುತ್ತಿದ್ದುದು ಅದೊಂದನ್ನೇ.

ಇಲ್ಲಿ ಶಾಲೆಯ ವಾರ ಶುರುವಾಗುವುದು ಭಾನುವಾರ. ಆ ಭಾನುವಾರ ಬೆಳಿಗ್ಗೆ ಧನುವಿಗೆ ಒಂದರ ಮೇಲೊಂದು ಎರಡು ಮಾಸ್ಕು, ಬ್ಯಾಗಿನ ಪಟ್ಟಿಗೆ ನೇತುಹಾಕಿದ ಸ್ಯಾನಿಟೈಸರ್. ಅಜ್ಜಿ ಅವನ ತಲೆ ಸವರಲು ಬಾಗಿಲಿಗೆ ಬಂದಾಗ ಅಮ್ಮ ನಡುವೆ ನಿಂತಳು. "ನೀವು ಒಳಗೇ ಇರಿ ಅತ್ತೆ, ಹತ್ತಿರ ಬರ್ಬೇಡಿ" ಎಂದಳು. ಅಜ್ಜಿ ಮುಖ ಸಣ್ಣದು ಮಾಡಿ ದೂರದಿಂದಲೇ ಕೈ ಎತ್ತಿದಳು. ಕೆಳಗೆ ವ್ಯಾನಿನ ಡ್ರೈವರ್ "ಯಲ್ಲಾ ಬೇಟಾ, ಯಲ್ಲಾ!" ಎಂದು ಅವಸರಪಡಿಸುತ್ತ ಹಾರ್ನ್ ಒತ್ತುತ್ತಿದ್ದ. ಅಮ್ಮ ಧನುವಿನ ಕೈ ಬಿಟ್ಟಳು, ಮತ್ತೆ ಬ್ಯಾಗು ಹಿಡಿದು ಎಳೆದಳು, ಮಾಸ್ಕಿನ ದಾರ ಸರಿಮಾಡಿದಳು, ಮತ್ತೆ ಬಿಟ್ಟಳು. ಅವನೇ "ಅಮ್ಮ, ಲೆಟ್ ಮಿ ಗೋ, ಐಲ್ ಬಿ ಲೇಟ್" ಎಂದು ಕೊಸರಿಕೊಂಡು ಮೆಟ್ಟಿಲಿಳಿದ. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಅಮ್ಮ ಅಡುಗೆಮನೆಯ ನೆಲದಲ್ಲೇ ಕೂತು ಚಹಾ ಕುಡಿದಳು. "ಎಷ್ಟು ಸೈಲೆಂಟ್ ಅಲ್ವಾ?" ಎಂದಳು ನನಗೆ. ಅವಳ ಮುಖದಲ್ಲಿ ನಿಜವಾಗಿ ಒಂದು ಸುಖವಿತ್ತು, ಬಹಳ ದಿನದ ಭಾರ ಇಳಿಸಿದವರದು. ಆದರೆ ಎರಡು ಗುಟುಕಿಗೊಮ್ಮೆ ಎದ್ದು, ವ್ಯಾನು ಹೋದ ತಿರುವನ್ನು ಬಾಲ್ಕನಿಯಿಂದ ನೋಡಿ ಬರುತ್ತಿದ್ದಳು. ಸುಖ, ಹೆದರಿಕೆ ಎರಡೂ ಒಂದೇ ಹೆಂಗಸಿನಲ್ಲಿ ಒಂದೇ ಹೊತ್ತಿಗೆ ಇರಲು ಸಾಧ್ಯ ಎಂದು ಅಂದು ನಾನು ನೋಡಿದೆ. ಕೈ ಬೀಸುವ ತಾಯಂದಿರ ಕಥೆಯನ್ನು ನಂಬದೆ ಇರಲು ನನಗೆ ಅಷ್ಟು ಸಾಕು.

ಮಧ್ಯಾಹ್ನ ಅವನು ಬಂದ. ಬಾಗಿಲಲ್ಲೇ ಬಟ್ಟೆ ಕಳಚಿಸಿ, ಸ್ನಾನ ಮಾಡಿಸಿ ಹೊರಗೆ ತರುವುದರೊಳಗೆ ಅಜ್ಜಿ ಯಾರ ಮಾತೂ ಕೇಳದೆ ಕೋಣೆಯಿಂದ ಎದ್ದು ಬಂದಿದ್ದಳು. ಮುಷ್ಟಿಯಲ್ಲಿ ಕಲ್ಲುಪ್ಪು, ಒಣಮೆಣಸು. ಅವನ ಸುತ್ತ ನಿವಾಳಿಸಿ ಇಳಿ ತೆಗೆದು, ಥೂ ಥೂ ಎಂದು ಉಗಿದು, ಎಲ್ಲವನ್ನೂ ಕಾದ ಕಬ್ಬಿಣದ ಕಾವಲಿಗೆ ಹಾಕಿದಳು. ನಮ್ಮ ಕಡೆಯ ನಂಬಿಕೆ ನಿಮಗೂ ಗೊತ್ತಿರುತ್ತದೆ: ದೃಷ್ಟಿ ತಾಗಿದ್ದರೆ ಸುಟ್ಟ ಮೆಣಸಿನಿಂದ ಘಾಟು ಬರುವುದಿಲ್ಲ, ತಾಗಿರದಿದ್ದರೆ ಮನೆಯೆಲ್ಲ ಕೆಮ್ಮುತ್ತದೆ. ಆ ಕಾಲಕ್ಕೇ ನನಗೆ ಇದೆಲ್ಲ ತಮಾಷೆ. ಮೆಣಸು ಕಪ್ಪಾಯಿತು, ಹೊಗೆ ಎದ್ದಿತು, ಧನು ಕೆಮ್ಮಿದ, ನಾನು ಕೆಮ್ಮಿದೆ, ಅಮ್ಮ ಸೆರಗು ಬಾಯಿಗಿಟ್ಟಳು. ಅಜ್ಜಿ ಮಾತ್ರ ಕಾವಲಿಯ ಮೇಲೆ ಬಾಗಿ, ಆ ಹೊಗೆಯ ನಡುವೆಯೇ ಮುಖವಿಟ್ಟು ನಿಂತಿದ್ದಳು.

"ನೋಡಿದ್ರಾ? ಒಂದು ಚೂರಾದ್ರೂ ಘಾಟು ಉಂಟಾ? ಇಡೀ ಶಾಲೆಯ ಕಣ್ಣು ಬಿದ್ದದ್ದು ನನ್ನ ಮಗುವಿಗೆ!"

"ಅಜ್ಜಿ, ಸ್ಟಾಪ್! ಐ ಕಾಂಟ್ ಬ್ರೀದ್!" ಧನು ಕಣ್ಣುಜ್ಜಿಕೊಂಡ.

"ಸುಮ್ನಿರು, ನಾಟಕ ಮಾಡ್ಬೇಡ. ಇಂಗ್ಲಿಷಿನಲ್ಲಿ ಕೆಮ್ಮಿದ್ರೆ ನಾನು ನಂಬುದಿಲ್ಲ."

ನಾನು ಹೊಟ್ಟೆ ಹಿಡಿದು ನಕ್ಕೆ. ನಗು ಅರ್ಧಕ್ಕೆ ನಿಂತಿತು. ವಾಸನೆ ಗೊತ್ತಾಗದಿರುವುದು ಆ ರೋಗದ ಲಕ್ಷಣ ಎಂದು ಟಿವಿ ದಿನವೂ ಹೇಳುತ್ತಿತ್ತು. ಅಮ್ಮ ಒಲೆ ಆರಿಸಿ, ಧನುವಿನ ರಟ್ಟೆ ಹಿಡಿದು ನಮ್ಮ ಕೋಣೆಗೆ ದೂಡಿ, ಬಾಗಿಲು ಹಾಕಿದಳು. ಅಜ್ಜಿ ಇನ್ನೂ ಸಂತೋಷದಲ್ಲಿ ಕಪ್ಪಾದ ಕಾವಲಿಯನ್ನು ನೋಡುತ್ತಿದ್ದಳು, ಮೊಮ್ಮಗನ ಮೇಲಿನ ದೊಡ್ಡ ಗಂಡಾಂತರವೊಂದನ್ನು ಕಳೆದೆ ಎಂದು.

ಆಮೇಲಿನದನ್ನು ಉದ್ದ ಮಾಡಿ ಹೇಳಲಾರೆ. ಪರೀಕ್ಷೆಯಲ್ಲಿ ಅಜ್ಜಿಗೂ, ಆಮೇಲೆ ಅಮ್ಮನಿಗೂ ಧನುವಿಗೂ ರೋಗ ಇದೆ ಎಂದು ಬಂತು. ಧನು ಜ್ವರದಲ್ಲೂ ಆಟವಾಡಿದ. ಮುಚ್ಚಿದ ಬಾಗಿಲಾಚೆ ಅಜ್ಜಿಯ ಉಸಿರು ಸೀಟಿಯಂತೆ ಕೇಳುತ್ತಿತ್ತು. ಅದು ಕೇಳಿದರೆ ಹೆದರಿಕೆ, ಕೇಳದಿದ್ದರೆ ಇನ್ನೂ ಹೆದರಿಕೆ. ಗೋಡೆಗೆ ಕಿವಿಯಿಟ್ಟು ನಾನು ಎಷ್ಟೋ ಹೊತ್ತು ಕೂರುತ್ತಿದ್ದೆ. ಆಂಬುಲೆನ್ಸಿನವರು ಮೈಯೆಲ್ಲ ಮುಚ್ಚಿಕೊಂಡು ಬಂದಾಗ ಅಜ್ಜಿ ಕುರ್ಚಿಯಲ್ಲಿ ಕೂತು, ಕೂದಲು ಬಾಚಿಲ್ಲವಲ್ಲ ಎಂದು ಬಾಚಣಿಗೆ ಕೇಳಿದಳು. ಅಮ್ಮ ಕೊಟ್ಟಳು. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಅಜ್ಜಿ ತಲೆ ಬಾಚುತ್ತಿದ್ದಳು. ಆಸ್ಪತ್ರೆಯಿಂದ ಅವಳು ಬರಲಿಲ್ಲ. ಕ್ರಿಯೆ ಇಲ್ಲಿಯೇ ಮುಗಿಯಿತು, ಊರಿನವರಿಗೆ ಮುಖ ನೋಡಲೂ ಸಿಗಲಿಲ್ಲ. ಸುಜಾತತ್ತೆಗೆ ಯಾರ ಮೇಲಾದರೂ ಸಿಟ್ಟು ಮಾಡಬೇಕಿತ್ತು. ಅದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಅಮ್ಮ ಆಫೀಸಿಗೆ ಮತ್ತೆ ಹೋಗಲೇ ಇಲ್ಲ. ದಾರ್ಸೈಟ್‌ನ ಮನೆ ಬಿಟ್ಟು ಇಲ್ಲಿಗೆ ಬಂದೆವು. ಒಟ್ಟಿಗೆ ನಗುತ್ತಿದ್ದ ಆ ಮನೆ ಅಲ್ಲಿಗೆ ಮುಗಿಯಿತು.

ಮೊನ್ನೆ ಆ ಘಾಟು ಬಂದ ಸಂಜೆಯೇ ಸುಜಾತತ್ತೆಯ ಫೋನು ಬಂತು. ಸ್ಪೀಕರಿನಲ್ಲಿತ್ತು. "ಶಾಲೆ ಶುರುವಾಯ್ತಾ ಧನುವಿಂದು? ಶಾಲೆ ಅಂದ್ರೆ ನನಗೆ ಅಮ್ಮನೇ ನೆನಪಾಗುದು. ಅವತ್ತೊಂದು ವಾರ ಕಾಯ್ದಿದ್ರೆ..." ಎಂದು ಶುರುಮಾಡಿದರು. ಈ ಸಲ ನಾನು ಸಿದ್ಧಳಾಗಿದ್ದೆ. ಧನು ಶಾಲೆಗೆ ಹೋದ ಮೊದಲ ದಿನವೇ ಅಜ್ಜಿಗೆ ಘಾಟು ಹತ್ತಿರಲಿಲ್ಲ. ಬೆಳಿಗ್ಗೆ ಹೋದವನು ತಂದ ರೋಗ ಮಧ್ಯಾಹ್ನಕ್ಕೇ ಅಜ್ಜಿಯ ಮೂಗು ಕೆಡಿಸುತ್ತದೆಯೇ? ರೋಗ ಮೊದಲೇ ಮನೆಯಲ್ಲಿತ್ತು. ಅಪ್ಪನ ಆಫೀಸಿನಿಂದಲೋ, ಲಿಫ್ಟಿನಿಂದಲೋ, ಯಾರಿಗೆ ಗೊತ್ತು. ಶಾಲೆಯಿಂದ ಅಲ್ಲ, ಅಮ್ಮನಿಂದ ಅಲ್ಲ. ವಾಸನೆ ಬೇರೆ, ಘಾಟಿನ ಉರಿ ಬೇರೆ ಎಂದು ಮೆಡಿಕಲ್ ಓದುವ ಗೆಳತಿಯೊಬ್ಬಳು ತಕರಾರು ತೆಗೆದಿದ್ದಳು. ಈ ರೋಗ ಕೆಲವರಲ್ಲಿ ಎರಡನ್ನೂ ಮಂಕು ಮಾಡುತ್ತದೆ ಎಂದು ಕೊನೆಗೆ ಅವಳೇ ಒಪ್ಪಿದಳು. ಇದಕ್ಕಿಂತ ಗಟ್ಟಿ ವಾದ ನಾನು ಯಾವ ವೇದಿಕೆಯಲ್ಲೂ ಮಂಡಿಸಿಲ್ಲ.

"ಅತ್ತೆ, ಒಂದು ನಿಮಿಷ, ನಾನು ಹೇಳ್ತೇನೆ ಕೇಳಿ" ಎಂದು ಬಾಯಿ ತೆರೆದೆ. ಅಮ್ಮ ನನ್ನ ಮಣಿಕಟ್ಟು ಹಿಡಿದಳು. ಎಷ್ಟು ಬಿಗಿಯಾಗಿ ಎಂದರೆ ಬಳೆ ಚರ್ಮಕ್ಕೆ ಒತ್ತಿತು. "ಬೇಡ. ಅವರು ಹೇಳಿಕೊಳ್ಳಲಿ. ಖಲಾಸ್, ಸಾಕು" ಎಂದು ಪಿಸುಗುಟ್ಟಿದಳು.

ತನ್ನನ್ನು ನಿರಪರಾಧಿ ಎಂದು ತೋರಿಸುವ ಸಾಕ್ಷಿಯ ಬಾಯಿಯನ್ನು ಯಾರಾದರೂ ಮುಚ್ಚುತ್ತಾರೆಯೇ? ಆ ರಾತ್ರಿಯಲ್ಲ, ಮರುದಿನ ಹಗಲಲ್ಲಿ, ಧನು ಶಾಲೆಗೆ ಹೋದ ಮೇಲೆ ಸದ್ದಿಲ್ಲದ ಮನೆಯಲ್ಲಿ ಕೂತಾಗ ನನಗೆ ನೆನಪಾದದ್ದು ಅಜ್ಜಿಗೆ ಘಾಟು ಹತ್ತದ ಆ ಮಧ್ಯಾಹ್ನಕ್ಕೂ ಹಿಂದಿನ ಒಂದು ಸಂಜೆ. ಧನುವಿನ ಮೊದಲ ದಿನಕ್ಕೆ ಮುಂಚಿನ ಶನಿವಾರ. ಹೊಸ ಬೂಟು, ನೀರಿನ ಬಾಟಲಿ, ಹೆಸರು ಬರೆದ ಪುಸ್ತಕಗಳ ಗಡಿಬಿಡಿಯಲ್ಲಿ ಬೂತಾಯಿ ಮೀನಿನ ಸಾರನ್ನು ಫ್ರಿಜ್ಜಿಗಿಡಲು ಅಮ್ಮ ಮರೆತಿದ್ದಳು. ಸಂಜೆ ಮುಚ್ಚಳ ತೆಗೆದಾಗ ಹಳಸಿದ ಮೀನಿನ ನಾತ ಹಾಲ್‌ನ ತನಕ ಬಂತು. ನಾನು ಮೂಗು ಮುಚ್ಚಿಕೊಂಡೆ. ಕಡಲ ಬದಿಯಲ್ಲಿ ಹುಟ್ಟಿದ ಅಜ್ಜಿ, ಮೀನು ನಿನ್ನೆಯದೋ ಇಂದಿನದೋ ಎಂದು ಚೀಲ ಬಿಚ್ಚುವ ಮೊದಲೇ ಹೇಳುತ್ತಿದ್ದವಳು, ಪಾತ್ರೆಯ ಮೇಲೆ ಬಾಗಿ ಮೂಸಿ, "ಚೆನ್ನಾಗಿಯೇ ಉಂಟಲ್ಲ ಮಗಾ, ಬಿಸಿ ಮಾಡಿ ಬಡಿಸು" ಎಂದಳು. ಅಮ್ಮ ಅವಳ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಪಾತ್ರೆಯನ್ನು ಚೀಲಕ್ಕೆ ಮಗುಚಿ, ತಾನೇ ಕೆಳಗಿಳಿದು ಕಸದ ಡಬ್ಬಕ್ಕೆ ಹಾಕಿ ಬಂದಳು. ಮಾರನೆಯ ಬೆಳಿಗ್ಗೆ ಅಜ್ಜಿಯನ್ನು ಮಗುವಿನ ಹತ್ತಿರ ಬಿಡಲಿಲ್ಲ. ಹೊರಗಿನಿಂದ ಬಂದ ಮಗುವನ್ನು ಮುದುಕಿಯಿಂದ ದೂರ ಇಡುವುದು ಸರಿ. ಹೊರಡುವ ಮಗುವನ್ನು ಯಾಕೆ?

ನನ್ನ ಗಟ್ಟಿ ವಾದ ನನ್ನ ಕೈಯಲ್ಲೇ ಮಗುಚಿ ಬಿತ್ತು. ರೋಗ ಮೊದಲೇ ಮನೆಯಲ್ಲಿತ್ತು ಎಂದು ನಾನು ಸಾಧಿಸಿದರೆ, ಅದು ಅಮ್ಮನಿಗೆ ಗೊತ್ತಿತ್ತೇ ಎಂಬ ಪ್ರಶ್ನೆ ಏಳುತ್ತದೆ. ಗೊತ್ತಿದ್ದೂ ಕಳಿಸಿದ್ದರೆ, ಆ ತರಗತಿಯಲ್ಲಿ ಧನುವಿನ ಪಕ್ಕ ಕೂತ ಮಕ್ಕಳು? ಅವರು ಮಧ್ಯಾಹ್ನ ಹಿಂತಿರುಗಿದ ಮನೆಗಳಲ್ಲಿ ಕಾದಿದ್ದ ಅಜ್ಜಿಯರು? ಅಥವಾ ಅಮ್ಮನಿಗೆ ಅನುಮಾನ ಮಾತ್ರ ಇತ್ತೇನೋ, ಮನೆಯ ಆ ಗಾಳಿಯಿಂದ ಮಗನನ್ನು ಅರ್ಧ ದಿನವಾದರೂ ಹೊರಗಿಟ್ಟರೆ ಸಾಕು ಎಂದುಕೊಂಡಳೇನೋ. ಅಥವಾ ಹಳಸಿದ ಮೀನು ಬರೀ ಹಳಸಿದ ಮೀನೇ ಆಗಿತ್ತೇನೋ. ಯಾವ ಬದಿಯ ಪರವಾಗಿ ನಿಲ್ಲಬೇಕೆಂದು ನನಗೆ ತಿಳಿಯುತ್ತಿಲ್ಲ. ಅಂಥ ಹೆದರಿಕೆ ನನಗೆ ಹಿಂದೆ ಎಂದೂ ಆಗಿರಲಿಲ್ಲ, ಗೋಡೆಗೆ ಕಿವಿಯಿಟ್ಟು ಕೂತ ದಿನಗಳಲ್ಲೂ.

ಅಮ್ಮ ಬಾಲ್ಕನಿಯಲ್ಲಿ ಧನುವಿನ ಬಿಳಿ ಶರ್ಟು ಒಣಹಾಕುತ್ತಿದ್ದಳು. ಅವನೀಗ ಅವಳ ಭುಜ ದಾಟಿ ಬೆಳೆದಿದ್ದಾನೆ; ಶರ್ಟಿನ ತೋಳು ಹಗ್ಗದಿಂದ ಇಳಿದು ಕಟಕಟೆಯವರೆಗೆ ಬರುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವಳು ಕ್ಲಿಪ್ಪಿಗೆ ಕೈಚಾಚಿದಳು, ಕೊಟ್ಟೆ. ಇನ್ನೊಂದು ಕ್ಲಿಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ.

"ಅಮ್ಮಾ, ಅವತ್ತು ನೀನು ಧನುವನ್ನು ಶಾಲೆಗೆ ಕಳಿಸಿದ್ದಾ, ಅಲ್ಲ ಮನೆಯಿಂದ ದೂರ ಕಳಿಸಿದ್ದಾ?"